ಒಂಬತ್ತನೇ ಗೋಡೆ

"ಅಂಕಲ್, ಆ ಗೋಡೆಗೆ ಬಿಳಿ ಬಳೀಬೇಡಿ!"

ಕೂಗು ಕೇಳಿಸುವಷ್ಟರಲ್ಲಿ ಮೇಸ್ತ್ರಿಯ ರೋಲರ್ ಗೋಡೆಗೆ ತಾಗಿ ಮೊಳದುದ್ದ ಮೇಲೇರಿಬಿಟ್ಟಿತ್ತು. ಅವನು ಕೈ ತಡೆದು ತಿರುಗಿದ. ತಲೆಯನ್ನು ನುಣ್ಣಗೆ ಬೋಳಿಸಿಕೊಂಡಿದ್ದ ಹುಡುಗಿಯೊಬ್ಬಳು ಎರಡೂ ಕೈಯಲ್ಲಿ ಬಣ್ಣದ ಡಬ್ಬಿ ತೂಗಾಡಿಸಿಕೊಂಡು ಓಡಿ ಬರುತ್ತಿದ್ದಳು. ಬೆರಳ ಗೆಣ್ಣಿನಿಂದ ಶುರುವಾದ ಹಚ್ಚೆ ಅವಳ ತೋಳನ್ನೆಲ್ಲ ತುಂಬಿ, ತೋಳಿಲ್ಲದ ಅಂಗಿಯೊಳಗೆ ನುಸುಳಿ, ಕತ್ತಿನ ಹತ್ತಿರ ಮತ್ತೆ ಹೊರಬಂದಿತ್ತು. ಕೊರಳಲ್ಲಿ ತೂಗುತ್ತಿದ್ದ ಚೀಟಿಯಲ್ಲಿ 'ಸ್ಥಳೀಯ ಕಲಾವಿದೆ' ಎಂದು ಬರೆದಿತ್ತು.

"ಅದು ಒಂಬತ್ತನೇ ಗೋಡೆ. ಅದಕ್ಕೆ ಬೂದು ಹಾಕಿಕೊಡಿ. ನಮ್ಮ ಹುಡುಗಿ ಬಿಳಿ ಮೇಲೆ ಬರೆಯಲ್ಲ."

"ಎಲ್ಲಾದಕ್ಕೂ ಬಿಳಿ ಅಂತ ನನಗೆ ಹೇಳಿದ್ದಾರಮ್ಮ."

"ಹೇಳಿದೋರಿಗೆ ನಾನು ಹೇಳ್ಕೋತೀನಿ. ನಿಮ್ಮ ಹತ್ರ ಬೂದು ಇಲ್ವಾ?"

ಮೇಸ್ತ್ರಿಗೆ ನಗು ಬಂತು. ನಗರಸಭೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವನ ಕೈಲಿದ್ದದ್ದು ಅದೊಂದೇ ಬಣ್ಣ. ಸಾರ್ವಜನಿಕ ಗೋಡೆಗಳ ಮೇಲೆ ಯಾರು ಏನು ಬರೆದರೂ, ಬೈಗುಳವೋ, ಪ್ರೇಮಪತ್ರವೋ, ಬೋಳುತಲೆಗೆ ಔಷಧಿಯ ಜಾಹೀರಾತೋ, ಬೆಳಿಗ್ಗೆ ಹೋಗಿ ಅದರ ಮೇಲೆ ಬೂದು ಬಳಿಯುವುದು ಅವನ ಕೆಲಸ. ಈ ಸಲ ನಗರಸಭೆಯೇ ಗೋದಾಮುಗಳ ಹಿಂದಿನ ಬೀದಿಯನ್ನು ಮೂರು ದಿನದ ಉತ್ಸವಕ್ಕೆಂದು ಚಿತ್ರಕಾರರಿಗೆ ಬಿಟ್ಟುಕೊಟ್ಟಿತ್ತು. ಇಪ್ಪತ್ತೆರಡು ಗೋಡೆಗೂ ಸೀಮೆಸುಣ್ಣದಲ್ಲಿ ನಂಬರ್ ಹಾಕಿದ್ದರು. ಅಳಿಸುವವನೇ ಬರೆಯುವವರಿಗೆ ಗೋಡೆ ಸಿದ್ಧ ಮಾಡಿಕೊಡಬೇಕಾಗಿ ಬಂದದ್ದನ್ನು ಹೇಳಿಕೊಂಡು ಆಫೀಸಿನಲ್ಲಿ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು.

ಅವನು ಕೈಗಾಡಿಯಿಂದ ಬೂದುಬಣ್ಣದ ಬಕೆಟ್ ಇಳಿಸಿ ಕೋಲಿನಿಂದ ತಿರುವತೊಡಗಿದ. ಅಷ್ಟರಲ್ಲಿ ಇನ್ನೊಬ್ಬ ಏಣಿ ಹೊತ್ತು ಬಂದ. ಆ ಉದ್ದನೆಯ ಏಣಿಗೂ ಅವನಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಹುಡುಗಿ ಅವನನ್ನು ಲಂಬು ಎಂದು ಕರೆದಳು, ಅವನು ಅವಳನ್ನು ಬಾಸ್ ಎಂದ. ಲಂಬುವಿನ ಎರಡೂ ಕೈಗಳ ಮೇಲೆ ಬಳ್ಳಿ, ಮೀನು, ಗಡಿಯಾರದ ಹಲ್ಲುಚಕ್ರ ಹೀಗೆ ಏನೇನೋ ಇದ್ದವು. ಹತ್ತಿರದಿಂದ ನೋಡಿದರೆ ಒಬ್ಬರ ಜಾಗದ ಮೇಲೆ ಇನ್ನೊಬ್ಬರು ಗೀಚಿದ ಬಸ್‌ಸ್ಟಾಂಡಿನ ಗೋಡೆಯ ಹಾಗಿತ್ತು.

"ಇದನ್ನ ಅಳಿಸೋಕೆ ಆಗಲ್ಲ, ಅಲ್ವಾ?" ಎಂದು ಮೇಸ್ತ್ರಿ ಕೇಳಿದ.

"ನನ್ನನ್ನೇ ಅಳಿಸಬೇಕು ಅಂಕಲ್," ಎಂದು ಲಂಬು ನಕ್ಕ.

ಮಕ್ಕಳು ಒಳ್ಳೆಯವರೇ ಎನ್ನಿಸಿತು. ಗಡ್ಡ, ಹಚ್ಚೆ, ಮೂಗಿನಲ್ಲೊಂದು ಕಬ್ಬಿಣದ ರಿಂಗು. ಇಂಥವರ ಜೊತೆ ಸೇರಿಯೇ ಮಗಳು ಕೆಟ್ಟಳು ಎಂದು ಮನೆಯಲ್ಲಿ ಎಷ್ಟು ಸಲ ಕಿರುಚಾಡಿದ್ದ. ಒಬ್ಬರನ್ನೂ ಕಂಡಿರಲಿಲ್ಲ, ಮಾತಾಡಿಸಿರಲಿಲ್ಲ.

"ಬೂದು ಮೇಲೆ ಬರೆದರೆ ಚಿತ್ರ ಏಳೋದೇ ಇಲ್ಲ. ಯಾರಮ್ಮ ಅದು, ಇಷ್ಟು ಹಟದೋಳು?"

"ಕೆಟಲ್," ಎಂದಳು ಬಾಸ್. "ಹೆಸರಲ್ಲ, ನಾವು ಕರೆಯೋದು. ಮೊದಲ ಸಲ ಬಸ್ ಡಿಪೋ ಗೋಡೆ ಮೇಲೆ ಅವಳು ಬರೆದಿದ್ದು ಒಂದು ಕೆಟಲ್. ಇಷ್ಟೇ ಇಷ್ಟು, ಅಂಗೈ ಅಗಲ. ಮುಚ್ಚಳ ಒಂದು ಕಡೆ ನೆಗ್ಗಿ, ಹಿಡಿಗೆ ತಂತಿ ಸುತ್ತಿರೋದು."

ಮೇಸ್ತ್ರಿಯ ಕೋಲು ಬಕೆಟ್ಟಿನಲ್ಲಿ ನಿಂತುಹೋಯಿತು. ಆ ತಂತಿಯನ್ನು ಸುತ್ತಿದವನು ಅವನೇ. ಕೆಟಲ್ ಈಗಲೂ ಮನೆಯ ಒಲೆಯ ಪಕ್ಕದಲ್ಲಿತ್ತು.

ಮಗಳು ಮನೆ ಬಿಟ್ಟಾಗ ಅವಳಿಗೆ ಇಪ್ಪತ್ತೊಂದು ವರ್ಷ. ಯಾವುದೋ ಕಟ್ಟಡದ ಮೇಲೆ ಬರೆಯುವಾಗ ಪೊಲೀಸರು ಹಿಡಿದು, ಅಪ್ಪನನ್ನು ಠಾಣೆಗೆ ಕರೆಸಿ, ರುಜು ಹಾಕಿಸಿಕೊಂಡು ಬಿಟ್ಟಿದ್ದರು. ಅಪ್ಪನ ಕೆಲಸ ಏನೆಂದು ತಿಳಿದು ಅಲ್ಲಿದ್ದವರೆಲ್ಲ ಮುಸಿಮುಸಿ ನಕ್ಕಿದ್ದರು. ಮನೆಗೆ ಬಂದವನೇ, "ನೀನು ಮಾಡೋ ಗಲೀಜನ್ನ ನಾನು ಬಳೀತಾ ಇರಬೇಕಾ?" ಎಂದಿದ್ದ. ಅಂದು ಮಧ್ಯಾಹ್ನವೇ ಅವಳು ಬ್ಯಾಗು ಹೆಗಲಿಗೇರಿಸಿದ್ದಳು. ಎರಡು ತಿಂಗಳ ಮೇಲೆ ಡಿಪೋ ಗೋಡೆಯಲ್ಲಿ, ಅವನು ಹಿಂದಿನ ವಾರವಷ್ಟೇ ಬಳಿದಿದ್ದ ಬೂದಿನ ಮೇಲೆ, ಆ ಕೆಟಲ್ ಕಂಡಿತ್ತು. ಆಮೇಲೆ ವಾರಕ್ಕೊಂದರಂತೆ ಅವನ ವಾರ್ಡಿನಲ್ಲೇ, ಅವನ ದಾರಿಯಲ್ಲೇ, ಅವನ ಬೂದಿನ ಮೇಲೇ. ಕಡ್ಡಿ ಮುರಿದ ಛತ್ರಿ. ಅವಳಮ್ಮನ ಕನ್ನಡಕ. ಗೋಡೆಗೆ ಒರಗಿಸಿಟ್ಟ ಮಣೆ. ನೀನು ಬಳಿ, ನಾನು ಬರೀತೀನಿ, ಎಷ್ಟು ದಿನ ಬಳೀತೀಯೋ ನೋಡೋಣ ಎಂಬ ಅಣಕ ಅದು ಎಂದುಕೊಂಡಿದ್ದ. ಮುಖ ಆಚೆ ತಿರುಗಿಸಿ ಎರಡೆರಡು ಕೋಟು ಬಳಿದು ಬರುತ್ತಿದ್ದ. ಹೆಂಡತಿಗೆ ಇದರ ಸುಳಿವು ಕೊಟ್ಟಿರಲಿಲ್ಲ.

"ನೋಡ್ತೀರಾ ಅಂಕಲ್?" ಎಂದು ಬಾಸ್ ಪ್ಯಾಂಟಿನ ಕಾಲನ್ನು ಮೊಣಕಾಲಿನವರೆಗೆ ಸುತ್ತಿದಳು. "ಫೋಟೊ ತೆಗೆಯೋಕೆ ಅವಳು ಬಿಡ್ತಾನೇ ಇರಲಿಲ್ಲ. ಉಳಿದಿರೋದು ಇದೊಂದೇ. ಪೆನ್ನಲ್ಲಿ ಅವಳೇ ಬರೆದಳು, ಅದರ ಮೇಲೆ ಸೂಜಿ ಹಾಕಿಸಿಕೊಂಡೆ."

ಮೀನಖಂಡದ ಮೇಲೆ ಒಂದು ಜೊತೆ ಬೂಟು. ಹಿಮ್ಮಡಿ ತುಳಿದು ಚಪ್ಪಟೆಯಾದ, ಲೇಸು ಬಿಚ್ಚಿದ, ತುದಿಯಲ್ಲಿ ಬಣ್ಣ ಸಿಡಿದ ಬೂಟು. ಒಂದು ಸ್ವಲ್ಪ ಮುಂದೆ, ಒಂದು ಹಿಂದೆ, ಆಗತಾನೆ ಯಾರೋ ಬಿಚ್ಚಿಟ್ಟು ಒಳಗೆ ಹೋದಂತೆ. ಮೇಸ್ತ್ರಿ ಬಾಗಿ ತನ್ನದೇ ಬೂಟನ್ನು ನೋಡಿದ. ಲೇಸಿನ ಒಂದೊಂದು ಎಳೆಯೂ ಕಾಣುತ್ತಿತ್ತು. ಗೋಡೆಯ ಮೇಲೂ ಇದು ಇತ್ತು, ನೀರಿನ ಟ್ಯಾಂಕಿನ ಹತ್ತಿರ. ಅದನ್ನು ಒಂದೇ ಎಳೆತಕ್ಕೆ ಮುಚ್ಚಿದ್ದ.

"ಇಷ್ಟು ಚೆನ್ನಾಗಿ ಬರೆದು, ಅಳಿಸೋ ಕಡೇನೇ ಯಾಕೆ ಬರೀತಿದ್ಲು?" ಕೇಳಬಾರದೆಂದುಕೊಂಡೇ ಕೇಳಿದ.

"ನಾನೂ ಬೈತಿದ್ದೆ. ಅವಳು ಏನಂತಿದ್ಲು ಗೊತ್ತಾ? 'ಬೀದೀಲಿ ಹೋಗೋರು ಯಾರೂ ನಿಂತು ನೋಡಲ್ಲ ಕಣೇ. ಅಳಿಸೋರು ಮಾತ್ರ ಹತ್ರ ನಿಂತು, ಅಂಗುಲ ಅಂಗುಲ ನೋಡ್ತಾರೆ.' ಆ ವಾರ್ಡಲ್ಲಿ ಬೂದು ಬಳಿಯೋರು ಯಾರೋ ಅವಳಿಗೆ ಬೇಕಾದೋರಂತೆ. ಯಾರು ಅಂತ ಬಾಯಿ ಬಿಡಲಿಲ್ಲ. 'ಅವರು ನೋಡಿದ್ರೆ ನನಗೆ ಸಾಕು' ಅನ್ನೋಳು."

ಲಂಬು ಏಣಿಯ ಕಾಲಿಗೆ ಬಟ್ಟೆ ಕಟ್ಟುತ್ತ ಕುಳಿತಲ್ಲಿಂದಲೇ ಸೇರಿಸಿದ. "ಬಳಿದಿರೋದನ್ನ ನೋಡಿಯೇ ಇವತ್ತು ಅವರ ಮನಸ್ಸು ಚೆನ್ನಾಗಿತ್ತು, ಇವತ್ತು ಸಿಟ್ಟಲ್ಲಿದ್ರು ಅಂತ ಹೇಳ್ತಿದ್ಲು. ನಮಗೆ ನಗು. ಒಂದಿನ ಹೋದಾಗ ಬೂದು ಅರೆಬರೆ ಆಗಿತ್ತು. ನೋಡಿದ ಕೂಡಲೇ, 'ಇದು ಅವರ ಕೈ ಅಲ್ಲ. ಮೂಲೆ ಬಿಟ್ಟಿದ್ದಾರೆ, ಅವರು ಮೂಲೆ ಬಿಡೋರಲ್ಲ' ಅಂದ್ಲು. ಪಾಪ, ಎಷ್ಟು ಹೆದರಿದ್ಲು. ಹುಷಾರಿಲ್ವೋ, ಹೋಗೇಬಿಟ್ರೋ ಅಂತ. ಆಮೇಲೆ ಧೈರ್ಯ ಮಾಡಿ ಅವರ ಆಫೀಸಿಗೇ ಹೋಗಿ ವಿಚಾರಿಸಿದ್ಲು."

"ಚೆನ್ನಾಗೇ ಇದ್ರಂತೆ ಮಹಾರಾಯರು," ಎಂದಳು ಬಾಸ್. "ಮಂಡಿನೋವು ಅಂತ ತಾವೇ ಕೇಳಿ ಬೇರೆ ವಾರ್ಡಿಗೆ ಹಾಕಿಸ್ಕೊಂಡಿದ್ರಂತೆ. ಅಷ್ಟು ಹೇಳಿ ಸುಮ್ಮನಾದ್ಲು. ಅವತ್ತಿಂದ ಕುಂಚ ಮುಟ್ಟಲಿಲ್ಲ. ಬೇರೆ ಊರಲ್ಲಿ ಪ್ಯಾಕಿಂಗ್ ಕೆಲಸ ಸಿಕ್ತು ಅಂತ ಹೋದ್ಲು. ಫೋನ್ ಎಂಟು ತಿಂಗಳಿಂದ ಸ್ವಿಚ್ ಆಫ್. ಮೆಸೇಜ್ ಮಾತ್ರ ಹಾಕ್ತಾನೇ ಇದ್ದೀವಿ, ಗೋಡೆ ಇಟ್ಟಿದ್ದೀವಿ ಬಾರೇ ಅಂತ. ಬರ್ತಾಳೆ. ಇದಕ್ಕೆ ಬರದೇ ಇರಲ್ಲ."

ಆ ಫೋನು ಮನೆಯ ಬೀರುವಿನಲ್ಲಿ, ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿತ್ತು. ತೆರೆಯುವ ನಂಬರ್ ಅವನಿಗೂ ಗೊತ್ತಿಲ್ಲ, ಹೆಂಡತಿಗೂ ಗೊತ್ತಿಲ್ಲ.

ಮೇಸ್ತ್ರಿ ಗೋಡೆಯ ಕಡೆ ತಿರುಗಿದ. ಬಳಿದ. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ. ಕೈ ತನ್ನಷ್ಟಕ್ಕೆ ತಾನೇ ಹೋಗುತ್ತಿತ್ತು. ಅರ್ಧ ಗೋಡೆಯಾಗುವಾಗ ಜೇಬಿನ ಫೋನು ಬಡಿದುಕೊಂಡಿತು.

"ಊಟಕ್ಕೆ ಬರ್ತೀರೋ, ಇಲ್ಲಾ ಅಲ್ಲೇ ಕೊಡ್ತಾರೋ?" ಹೆಂಡತಿ.

"ಇಲ್ಲೇ."

"ದನಿ ಯಾಕೆ ಹಾಗಿದೆ?"

"ಬಣ್ಣದ ವಾಸನೆ."

ಅವಳು ಇನ್ನೂ ಏನೋ ಹೇಳುತ್ತಿದ್ದಳು. ಈ ಎಂಟು ತಿಂಗಳಲ್ಲಿ ಪಾತ್ರೆ ತೊಳೆಯುವಾಗಲೋ, ಬಟ್ಟೆ ಮಡಿಸುವಾಗಲೋ ಅವಳು ಇದ್ದಕ್ಕಿದ್ದಂತೆ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಒಂದು ದಿನವಾದ್ರೂ ಅವಳಿಗೆ ನಮ್ಮ ನೆನಪು ಬಂದಿರುತ್ತಾ?" ಅವನು ಎದ್ದು ಹೊರಗೆ ಹೋಗುತ್ತಿದ್ದ. ಈಗ ಉತ್ತರ ಸಿಕ್ಕಿತ್ತು. ಆದರೆ ಅದನ್ನು ಹೇಳಬೇಕಾದರೆ ಛತ್ರಿ, ಮಣೆ, ಅವಳದೇ ಕನ್ನಡಕ ಎಲ್ಲವನ್ನೂ ಹೇಳಬೇಕು. ಒಂದೂವರೆ ವರ್ಷ ವಾರವಾರವೂ ಕಂಡೂ ನೀವು ನನಗೆ ಯಾಕೆ ಹೇಳಲಿಲ್ಲ, ನಾನಾದರೂ ಓಡಿಹೋಗಿ ನೋಡುತ್ತಿರಲಿಲ್ಲವೇ ಎಂದು ಅವಳು ಕೇಳಿದರೆ? ಅವನು ಫೋನನ್ನು ಜೇಬಿಗೆ ಹಾಕಿದ. ಅವಳ ಮಾತು ಮುಗಿದಿತ್ತೋ ಇಲ್ಲವೋ.

ಗೋಡೆ ಮುಗಿಯಿತು. ಬಾಸ್ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. "ಸೂಪರ್ ಅಂಕಲ್. ಅವಳು ಬಂದ್ರೆ ಕುಣಿದಾಡ್ತಾಳೆ."

"ಅವಳು ಬರೋದಿಲ್ಲಮ್ಮ."

ಬಾಸ್ ಅವನನ್ನು ನೋಡಿದಳು.

"ಜ್ವರ ಬಂತು. ಹನ್ನೊಂದು ದಿನ. ಆಸ್ಪತ್ರೆಯವರು ಫೋನ್ ಮಾಡಿದ್ರು. ನಾನೂ ಅವರಮ್ಮನೂ ಬಸ್ ಹತ್ತಿ ಹೋಗೋ ಹೊತ್ತಿಗೆ ಮಾತು ನಿಂತಿತ್ತು. ಮಾರನೇ ದಿನ ಬೆಳಿಗ್ಗೆ..." ಅವನು ರೋಲರನ್ನು ಬಕೆಟ್ಟಿನ ಅಂಚಿಗೆ ಒರೆಸಿದ. ಮತ್ತೆ ಒರೆಸಿದ. "ನಾನು ಅವಳಪ್ಪ."

ಲಂಬು ಏಣಿಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿ ಕಲ್ಲಿನ ಮೇಲೆ ಕುಳಿತ. ಅಷ್ಟು ದೊಡ್ಡ ಆಳು, ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಸಣ್ಣ ಮಕ್ಕಳಂತೆ ಬಿಕ್ಕಿಬಿಕ್ಕಿ ಅಳತೊಡಗಿದ. ಆಚೆ ಗೋಡೆಯವರು ಬಗ್ಗಿ ನೋಡಿದರು. ಬಾಸ್ ಅಳಲಿಲ್ಲ. ಅವಳು ಹೊಸ ಬೂದನ್ನು ನೋಡುತ್ತಿದ್ದಳು. ನೋಟ ಗೋಡೆಯ ನಾಲ್ಕು ಮೂಲೆಗೂ ಹೋಗಿ ಬಂತು. ಒಂದು ಮೂಲೆಯೂ ಬಿಟ್ಟಿರಲಿಲ್ಲ.

"ನೀವೇನಾ?"

"ಹೂಂ."

"ಮಂಡಿನೋವು ಅಂದಿದ್ರಲ್ಲ ಆಫೀಸಲ್ಲಿ. ನೋವಿತ್ತಾ?"

ಇತ್ತು ಎನ್ನಬಹುದಿತ್ತು. ಐವತ್ತೇಳು ವರ್ಷದ ಮಂಡಿ, ಯಾರು ನಂಬುತ್ತಿರಲಿಲ್ಲ?

"ಇರಲಿಲ್ಲ," ಎಂದ.

ಅವಳು ತಲೆಯಾಡಿಸಿದಳು, ಅಂಗಡಿಯವನು ಇಲ್ಲ ಎಂದ ಸಾಮಾನಿಗೆ ಆಡಿಸುವಂತೆ. "ನೀವು ನೋಡ್ತೀರಿ ಅಂತ ಬೂಟಿನ ಲೇಸಿಗೇ ಅವಳು ಎರಡು ಗಂಟೆ ಕೂತಿದ್ಲು. ನಾನು ಟಾರ್ಚ್ ಹಿಡ್ಕೊಂಡಿದ್ದೆ. ನೋಡಿದ್ರಾ?"

ಅವಳು ಉತ್ತರಕ್ಕೆ ಕಾಯಲಿಲ್ಲ. ತನ್ನ ಡಬ್ಬಿಗಳನ್ನು ಎತ್ತಿಕೊಂಡು ಬೀದಿಯಾಚೆ ಹೋಗಿ ಚಪ್ಪಡಿಯ ಮೇಲೆ ಕುಳಿತಳು.

ಮಧ್ಯಾಹ್ನ ಎರಡಕ್ಕೆ ಉತ್ಸವದ ಕಡೆಯವಳೊಬ್ಬಳು ಪಟ್ಟಿ ಹಿಡಿದು ಬಂದಳು. "ಒಂಬತ್ತು ಇನ್ನೂ ಖಾಲಿ. ಯಾರದಿದು? ಬರ್ತಾರಾ, ಇಲ್ವಾ?"

ಲಂಬು, "ಇಲ್ಲ," ಎಂದ. ಅವಳು ಪಟ್ಟಿಯಲ್ಲಿ ಒಂದು ಗೆರೆ ಎಳೆದು, "ಮೊದಲೇ ಹೇಳೋದಲ್ವಾ? ಹೊರಗಿನವರು ಜಾಗ ಸಿಗದೆ ಕಾಯ್ತಾ ಕೂತಿದ್ದಾರೆ," ಎಂದು ಗೊಣಗಿಕೊಂಡು ಹೋದಳು.

ಹತ್ತು ನಿಮಿಷದಲ್ಲಿ ಮೂವರು ಬಂದರು. ಬೇರೆ ಊರಿನವರು, ಗಟ್ಟಿ ಗಂಟಲಿನವರು. ಹಾಡು ಹಾಕಿಕೊಂಡರು. "ಅಯ್ಯೋ, ಇದ್ಯಾಕೆ ಹೀಗೆ ಸೂತಕದ ಬಣ್ಣ?" ಎಂದು ಒಬ್ಬ ನಕ್ಕ. ಬೇಡವೆನ್ನಲು ಮೇಸ್ತ್ರಿಗೆ ಯಾವ ಅಧಿಕಾರವಿತ್ತು? ಅವರು ಸ್ಪ್ರೇ ಡಬ್ಬಿಗಳನ್ನು ಕುಲುಕಿ ಶುರು ಮಾಡಿದರು. ಮೊದಲು ಕಿತ್ತಳೆ, ಆಮೇಲೆ ಎಳೆಹಸಿರು. ಏನು ಚಿತ್ರವೆಂದು ಇನ್ನೂ ತಿಳಿಯುತ್ತಿರಲಿಲ್ಲ. ದೊಡ್ಡದೇನೋ, ಎಲ್ಲರಿಗೂ ದೂರದಿಂದ ಕಾಣುವಂಥದ್ದು.

"ಅಣ್ಣಾ, ಸ್ವಲ್ಪ ಏಣಿ ಹಿಡ್ಕೋತೀರಾ? ನೆಲ ಸಮ ಇಲ್ಲ."

ಮೇಸ್ತ್ರಿ ಹೋಗಿ ಏಣಿ ಹಿಡಿದುಕೊಂಡ. ಮೇಲಿನವನ ತೂಕ ಕೈಗೆ ಇಳಿಯಿತು. ಅಲ್ಲಿಂದ ಬೀದಿಯಾಚೆಯ ಚಪ್ಪಡಿ ಕಾಣುತ್ತಿತ್ತು. ಬಾಸ್ ಕಾಲು ಚಾಚಿ ಕುಳಿತು ತನ್ನ ಮೀನಖಂಡವನ್ನೇ ನೋಡುತ್ತಿದ್ದಳು. ಬಿಸಿಲಿಗೆ ಚರ್ಮ ಹೊಳೆಯುತ್ತಿತ್ತು. ಅಷ್ಟು ದೂರದಿಂದ ಬೂಟು ಎರಡು ಕಪ್ಪು ಕಲೆಯಂತಷ್ಟೇ ಕಾಣುತ್ತಿದ್ದವು. ಅವನು ಕಣ್ಣು ಕಿರಿದು ಮಾಡಿ, ಕತ್ತು ಮುಂದೆ ಚಾಚಿ, ಲೇಸನ್ನು ಹುಡುಕಿದ.

ಅವಳು ತಲೆಯೆತ್ತಿದಳು. ಅವನು ನೋಡುತ್ತಿರುವುದನ್ನು ಕಂಡಳು. ಸಿಟ್ಟಿನಿಂದಲ್ಲ, ಅವಸರವೂ ಇಲ್ಲದೆ, ಸುತ್ತಿದ್ದ ಪ್ಯಾಂಟನ್ನು ಒಂದೊಂದೇ ಸುತ್ತು ಬಿಚ್ಚಿ ಪಾದದವರೆಗೆ ಎಳೆದುಕೊಂಡಳು.

"ಹಿಡ್ಕೊಂಡಿದ್ದೀರಾ ಅಣ್ಣಾ?" ಮೇಲಿನಿಂದ ಕೇಳಿತು.

"ಹಿಡ್ಕೊಂಡಿದ್ದೀನಿ," ಎಂದ ಮೇಸ್ತ್ರಿ.