ಗೆದ್ದಲಿಗಿದ್ದ ಕಾನೂನು

"ಸ್ವಲ್ಪ ಬಿಗಿಯಾಗಿ ಹಿಡ್ಕೊಳ್ಳಪ್ಪ, ಕತ್ತು ವಾಲ್ತಾ ಇದೆ," ಎಂದರು ಅಯ್ಯನವರು.

ಕಲ್ಲೇಶಪ್ಪ ಹೆಂಡತಿಯ ತಲೆಯನ್ನು ಎರಡು ಕೈಯಲ್ಲೂ ಹಿಡಿದು ಗೋಡೆಗೆ ಒರಗಿಸಿದ. ಅಯ್ಯನವರು ಬಿಳಿ ಬಟ್ಟೆಯ ಪಟ್ಟಿಯನ್ನು ಗದ್ದದ ಕೆಳಗಿನಿಂದ ತಂದು ಗೋಡೆಯ ಗೂಟಕ್ಕೆ ಕಟ್ಟಿದರು. ದಾಕ್ಷಾಯಣಮ್ಮ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ. ಎಷ್ಟು ಕಟ್ಟಿದರೂ ತಲೆ ಒಂದಿಷ್ಟು ಬಲಕ್ಕೆ ವಾಲಿಯೇ ನಿಂತಿತು. ಹಾಗೇ ಇರಲಿ ಬಿಡಿ ಎಂದ ಕಲ್ಲೇಶಪ್ಪ. ಪುಸ್ತಕ ಹಿಡಿದರೆ ಅವಳು ಕೂರುತ್ತಿದ್ದದ್ದೇ ಹಾಗೆ.

ಕೋಳಿ ಕೂಗುವ ಹೊತ್ತಿಗೆ ಎದೆ ಹಿಂಡುತ್ತದೆ ಎಂದಿದ್ದಳು. ಅಜ್ಜಂಪುರದಿಂದ ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಊರಿನ ಮಿಡ್ಲ್ ಸ್ಕೂಲಿನ ಟೀಚರು. ಅವನು ಅದೇ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ರಾಗಿಯಲ್ಲಿ ಕಲ್ಲು ಸಿಕ್ಕಿದರೆ ಡಬ್ಬವನ್ನೇ ಬೀದಿಗೆ ಎಸೆಯುವ ಆಸಾಮಿ ಎಂದು ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತಿತ್ತು. ಸಂಜೆ ಅವಳು ಗಿರಣಿಯ ಬಾಗಿಲಲ್ಲಿ ನಿಂತು ಸ್ಕೂಲಿನ ಸಂಗತಿಯೆಲ್ಲ ಹೇಳುವಳು. ಮಿಷನ್ನಿನ ಸದ್ದಿಗೆ ಅವನಿಗೆ ಅರ್ಧ ಕೇಳಿಸುತ್ತಿರಲಿಲ್ಲ. ಹೂಂ ಎನ್ನುವನು.

ಹಿತ್ತಲ ಬಾಗಿಲಿಂದ ಕಾಂತಮ್ಮ ಬಂದಳು. ದಾಕ್ಷಾಯಣಮ್ಮನ ಕೈಕೆಳಗೆ ಕೆಲಸ ಕಲಿತ ಚಿಕ್ಕ ವಯಸ್ಸಿನ ಟೀಚರು. ಅತ್ತೂ ಅತ್ತೂ ಮುಖ ಊದಿತ್ತು.

"ಕಲ್ಲೇಶಣ್ಣ, ಹೆಡ್‌ಮೇಷ್ಟ್ರು ರಜಾ ಕೊಟ್ಬಿಟ್ರು," ಎಂದಳು. "ಎರಡು ಗಂಟೆಗೆ ಸಾಹೇಬ್ರ ಜೀಪು ಬತ್ತದೆ."

ಅವನಿಗೆ ಆಗ ನೆನಪಾಯಿತು, ಇವತ್ತು ಶುಕ್ರವಾರ.

*

ಆ ಸ್ಕೂಲಿನ ಹೆಡ್‌ಮೇಷ್ಟ್ರ ಕೋಣೆಯಲ್ಲಿ ಒಂದು ಗಾಜಿನ ಅಲಮಾರು. ತುಂಬ ಮಕ್ಕಳ ಪುಸ್ತಕ. ಒಂದು ಪುಸ್ತಕ ಹರಿದರೂ ಕಳೆದರೂ ಚಾರ್ಜಿನಲ್ಲಿರುವವರ ಸಂಬಳದಲ್ಲಿ ಹಿಡಿಯುತ್ತಾರೆ ಎಂಬ ಹೆದರಿಕೆಗೆ ಬಂದ ಹೆಡ್‌ಮೇಷ್ಟ್ರುಗಳೆಲ್ಲ ಬೀಗ ಜಡಿದೇ ಇಟ್ಟಿದ್ದರು. ಬದಲಿಯಾದಾಗ ಗಾಜಿನ ಹೊರಗಿನಿಂದಲೇ ಪುಸ್ತಕದ ಬೆನ್ನು ಎಣಿಸಿ ಒಪ್ಪಿಸುವುದು, ಎಣಿಸಿ ಒಪ್ಪಿಸಿಕೊಳ್ಳುವುದು. ಎಪ್ಪತ್ತಾರರಲ್ಲಿ ದಾಕ್ಷಾಯಣಮ್ಮ ಬಂದು ಹಟ ಹಿಡಿದು ಒಂದು ದಿನ ಬೀಗ ತೆಗೆಸಿದಳು. ಕೆಳಗಿನ ಸಾಲಿನಲ್ಲಿ ಬೆನ್ನು ಮಾತ್ರ ಇತ್ತು. ಒಳಗಿನದನ್ನೆಲ್ಲ ಗೆದ್ದಲು ತಿಂದು ಮಣ್ಣು ಮಾಡಿತ್ತು.

ಆ ಬೆನ್ನುಗಳನ್ನೇ ಚೀಲದಲ್ಲಿ ಹಾಕಿಕೊಂಡು ಅವಳು ತರೀಕೆರೆಯ ವಿದ್ಯಾಧಿಕಾರಿಗಳ ಆಫೀಸಿಗೆಂದು ಬಸ್ಸು ಹತ್ತಿದಳು. ಜೊತೆಗೆ ಕಲ್ಲೇಶಪ್ಪನೂ ಹೋದ. ಅವಳು ಕೇಳಿದ್ದು ಎರಡೇ: ದಿನಕ್ಕೆ ಒಂದು ಪಿರಿಯಡ್ಡು ಮಕ್ಕಳು ಅಲಮಾರಿನಿಂದ ತಾವೇ ಪುಸ್ತಕ ಆರಿಸಿ ಓದಬೇಕು, ಓದಿ ಹರಿದರೆ ಟೀಚರ ಮೇಲೆ ಬರಬಾರದು. ಆಗಿನ ಸಾಹೇಬರು ಕೆಟ್ಟವರಲ್ಲ, ಕುರ್ಚಿ ಕೊಟ್ಟು ಕೂರಿಸಿದರು. ಗೆದ್ದಲು ತಿಂದದ್ದಕ್ಕೆ ತೊಂದರೆ ಇಲ್ಲಮ್ಮ, ಲೆಕ್ಕದಿಂದ ತೆಗೆಯಲು ರೂಲ್ಸು ಇದೆ ಎಂದರು.

"ಗೆದ್ದಲಿಗಿರೋ ರೂಲ್ಸನ್ನೇ ಮಕ್ಕಳಿಗೂ ಕೊಡಿ ಸಾರ್," ಎಂದಳು ದಾಕ್ಷಾಯಣಮ್ಮ.

ಸಾಹೇಬರು ನಕ್ಕರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಕಲ್ಲೇಶಪ್ಪನಿಗೆ ನಗು ಕೇಳಿ ರೇಗಿತು. ಒಳಗೆ ನುಗ್ಗಿ ಮೇಜು ಗುದ್ದಿ ಕೂಗಾಡಿದ. ಗುಮಾಸ್ತರು ಬಂದು ಹೊರಗೆ ಹಾಕಿದರು. ಅಲ್ಲಿಗೆ ಅವತ್ತಿನ ಮಾತು ಮುಗಿಯಿತು. ಬಸ್ಸಿನಲ್ಲಿ ಅವಳು ಕಿಟಕಿಗೆ ಮುಖ ಮಾಡಿ ಕೂತಳು. ಅಜ್ಜಂಪುರ ಬಂದ ಮೇಲೆ ಬಾಯಿಬಿಟ್ಟಳು.

"ನೀವು ಕೂಗಿದ್ರೆ ನಿಮಗೆ ಹಗುರ ಆಯ್ತದೆ. ನನ್ನ ಅಲಮಾರು ತೆಗೆಯಲ್ಲ."

ಆಮೇಲೆ ಅವನನ್ನು ಎಂದೂ ಕರೆದುಕೊಂಡು ಹೋಗಲಿಲ್ಲ. ಸಾಹೇಬರು ಬದಲಾದಾಗಲೆಲ್ಲ ಒಬ್ಬಳೇ ಹೋಗಿ ಅದೇ ಮಾತನ್ನು ಮೊದಲಿನಿಂದ ಹೇಳಿ ಬರುವಳು. ಅಷ್ಟರವರೆಗೆ ಇರಲಿ ಎಂದು ಬೀರೂರಿನ ಸಂತೆಯಲ್ಲಿ ಹಳೇ ಪುಸ್ತಕ ಕೊಂಡು, ಟ್ರಂಕಿನಲ್ಲಿ ತುಂಬಿ, ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳ ಮುಂದೆ ಸುರಿಯುತ್ತಿದ್ದಳು.

ಕೊನೆಗೆ ಎಂಬತ್ನಾಲ್ಕರಲ್ಲಿ ಒಬ್ಬ ಸಾಹೇಬರು ಒಪ್ಪಿದರು. ನಾನು ಕಣ್ಣಾರೆ ನೋಡಬೇಕು, ಆ ಒಂದು ಗಂಟೆ ಸರಿಯಾಗಿ ನಡೆದರೆ ತಾಲ್ಲೂಕಿನ ಎಲ್ಲ ಸ್ಕೂಲಿಗೂ ಆರ್ಡರು ಬರೆಯುತ್ತೇನೆ ಎಂದರು. ಬರುವ ಶುಕ್ರವಾರ. ಅಷ್ಟರಲ್ಲೇ ಅವರಿಗೂ ವರ್ಗ ಬಂತು. ಸೋಮವಾರ ಚಾರ್ಜು ಬಿಟ್ಟುಕೊಡುವವರು. ಗುರುವಾರ ಸಂಜೆ ದಾಕ್ಷಾಯಣಮ್ಮ ಗಿರಣಿಗೆ ಬಂದು ಮಿಷನ್ನು ನಿಲ್ಲಿಸಲು ಹೇಳಿದಳು. ನಿಲ್ಲಿಸಿದ ಮೇಲೆ, ನಾಳೆ ಬರ್ತಾರಂತೆ ಎಂದಳು.

*

ಹೆಡ್‌ಮೇಷ್ಟ್ರು ಷಣ್ಮುಖಪ್ಪ ಜಗಲಿಯ ಮೇಲೆ ಕೂತಿದ್ದರು. ಸಾಹೇಬರು ನೇರ ಇಲ್ಲಿಗೇ ಬಂದು ಹಾರ ಹಾಕುತ್ತಾರೆ, ನಮ್ಮ ಮನೆಯಲ್ಲಿ ಊಟ ಮಾಡಿ ಹೊರಡುತ್ತಾರೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅಲಮಾರು ತೆಗೆಯುವುದು ತಪ್ಪಿತು ಎಂಬ ನೆಮ್ಮದಿ ಅವರ ಮುಖದಲ್ಲಿ ಕಂಡಿತು, ಅಥವಾ ಕಲ್ಲೇಶಪ್ಪನಿಗೆ ಹಾಗನ್ನಿಸಿತು.

"ಏನ್ ಮೇಷ್ಟ್ರೇ, ಬೀಗ ಉಳೀತು ಅಂತ ಕೂತಿದೀರಾ?"

ಅವನ ಧ್ವನಿಗೆ ಒಳಗೆ ಭಜನೆ ನಿಂತಿತು. ಎಲ್ಲರೂ ಇತ್ತ ತಿರುಗಿದರು. ಮಣೆಯ ಮೇಲಿನ ವಾಲಿದ ತಲೆ ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. ಕಲ್ಲೇಶಪ್ಪ ಹಲ್ಲು ಕಚ್ಚಿ ಜಗಲಿಯ ಅಂಚಿಗೆ ಕೂತ. ಗಂಟಲು ತಗ್ಗಿಸಿದ.

"ಆ ಒಂದು ಗಂಟೆ ನಡೆಸ್ಬಿಡಿ ಮೇಷ್ಟ್ರೇ. ಕಾಂತಮ್ಮ ನೋಡ್ಕೋತಾಳೆ."

"ಹೆಣ ಇನ್ನೂ ಮನೇಲಿದೆ ಕಣ್ರೀ. ಸೂತಕದ ದಿನ ಪುಸ್ತಕ ಮುಟ್ಟಿಸಿದ್ರೆ ಊರವ್ರು ನನ್ನ ಮುಖಕ್ಕೆ ಉಗೀತಾರೆ."

ಕಲ್ಲೇಶಪ್ಪ ಒಳಗೆ ತಿರುಗಿದ. "ಅಯ್ಯನೋರೆ, ನಮ್ಮಲ್ಲಿ ಸೂತಕ ಉಂಟಾ?"

ಅಯ್ಯನವರು ವಿಭೂತಿ ತೇಯುತ್ತಿದ್ದರು. ಯಾಕೆ ಕೇಳಿದನೆಂದು ಅವರಿಗೆ ಗೊತ್ತಿರಲಿಲ್ಲ. "ಲಿಂಗ ಕಟ್ಟಿದೋರಿಗೆ ಸೂತಕ ಎಲ್ಲಿಂದ ಬಂತಪ್ಪ?" ಎಂದು ತಲೆ ಎತ್ತದೆ ಹೇಳಿದರು.

ಷಣ್ಮುಖಪ್ಪನವರ ಕೊರಳಲ್ಲೂ ಲಿಂಗವಿತ್ತು. ಇಷ್ಟು ಜನರ ಮುಂದೆ ಅಲ್ಲ ಎನ್ನುವ ಹಾಗಿರಲಿಲ್ಲ. ಎದ್ದು, ಗೋಡೆಗೆ ಮುಖ ಮಾಡಿ, ಷರಟು ಎತ್ತಿ ಉಡಿದಾರದಿಂದ ಬೀಗದಕೈ ಬಿಚ್ಚಿದರು.

"ಹರಿದ್ರೆ ನನ್ನ ಕೇಳ್ಬೇಡಿ," ಎಂದರು.

ಕಾಂತಮ್ಮ ಕೇರಿ ಕೇರಿ ತಿರುಗಿ ಮಕ್ಕಳನ್ನು ಕೂಡಿಸಲು ಓಡಿದಳು.

ಜೀಪು ಎರಡು ಗಂಟೆಗೆ ಬಂತು. ಸಾಹೇಬರು ಹಾರ ಹಾಕಿ ಕೈಮುಗಿದು ನಿಂತರು. ಕಲ್ಲೇಶಪ್ಪ ಏನೇನೋ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಟ್ಟಿದ್ದ. ಅವಳ ಹಾಗೆ ಮೊದಲಿನಿಂದ, ಮೆತ್ತಗೆ. ಒಂದೂ ನೆನಪಾಗಲಿಲ್ಲ.

"ಇಲ್ಲಿ ನೋಡೋದೇನೂ ಉಳಿದಿಲ್ಲ ಸ್ವಾಮಿ," ಎಂದ. "ಅವಳು ನಿಮಗೆ ತೋರಿಸ್ಬೇಕು ಅಂದಿದ್ದು ಸ್ಕೂಲಲ್ಲಿದೆ."

ಸಾಹೇಬರು ಜೀಪು ಹತ್ತಿ ಹೊರಟರು.

*

ಹೊತ್ತು ಇಳಿಯುವ ಮುಂಚೆ ಬಾಳೆಕಂದು ಕಟ್ಟಿದ ವಿಮಾನದಲ್ಲಿ ದಾಕ್ಷಾಯಣಮ್ಮನನ್ನು ಕೂರಿಸಿ ಎತ್ತಿದರು. ತೋಟದಲ್ಲಿ ಗುಣಿ ತೆಗೆದಿತ್ತು. ದಾರಿಯುದ್ದಕ್ಕೂ ಅಕ್ಕ ತೀರ್ಥಮ್ಮ ಕಲ್ಲೇಶಪ್ಪನ ಪಕ್ಕದಲ್ಲೇ ಗೊಣಗುತ್ತ ನಡೆದಳು.

"ಹೆಂಡ್ತಿ ಮಣ್ಣಿಗೆ ಹೋಗೋ ದಿನ ಸ್ಕೂಲು ತೆಗೆಸ್ದಲ್ಲೋ. ಅಷ್ಟು ಮಾಡಿದ್ರೂ ಆ ಸಾಹೇಬ ಮಣ್ಣಿಗೆ ಬಂದ್ನಾ?"

ಆ ಒಂದು ಗಂಟೆ ಯಾವಾಗಲೋ ಮುಗಿದಿರಬೇಕು. ಜೀಪು ಹೋಗಿರಬೇಕು. ಅಲ್ಲಿ ಏನಾಯಿತೆಂದು ಹೇಳಲು ಸಂಜೆ ಗಿರಣಿಯ ಬಾಗಿಲಿಗೆ ಯಾರೂ ಬರುವುದಿಲ್ಲ. ಅವಳು ಬರುವಂತಿದ್ದರೆ ಈ ಒಂದು ಸಲ ಅವನು ಮಿಷನ್ನು ನಿಲ್ಲಿಸಿ ಪೂರ್ತಿ ಕೇಳುತ್ತಿದ್ದ.

ತಿರುವಿನಲ್ಲಿ ಸ್ಕೂಲು ಕಂಡಿತು. ಗೇಟಿನ ಮುಂದೆ ಜೀಪು ಇನ್ನೂ ನಿಂತಿತ್ತು. ಪಕ್ಕದಲ್ಲಿ ಷಣ್ಮುಖಪ್ಪ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು.

"ಅಡುಗೆ ಆರಿ ತಣ್ಣಗಾಯ್ತು ಕಲ್ಲೇಶಪ್ಪ," ಎಂದರು. "ಎಷ್ಟು ಸಲ ಕರೆದ್ರೂ ಸಾಹೇಬ್ರು ಆಚೆಗೇ ಬರ್ತಿಲ್ಲ."

ಕಲ್ಲೇಶಪ್ಪ ಕೈ ಎತ್ತಿದ. ಹೊತ್ತವರು ನಿಂತರು, ತಾಳ ನಿಂತಿತು. ತರಗತಿಯ ಬಾಗಿಲು ತೆರೆದಿತ್ತು. ಹೊಸ್ತಿಲಾಚೆ ಮಕ್ಕಳ ಸವೆದ ಹವಾಯಿ ಚಪ್ಪಲಿಗಳ ನಡುವೆ ಪಾಲಿಶು ಮಾಡಿದ ಕರಿ ಬೂಟು ಒಂದು ಜೊತೆ, ಅದರೊಳಗೆ ಮಡಿಸಿ ತುರುಕಿದ ಕಾಲುಚೀಲ. ಡ್ರೈವರ್ ಹಾರ್ನ್ ಒತ್ತಿದ. ಒಳಗಿನಿಂದ ಯಾರೂ ಎದ್ದು ಬರಲಿಲ್ಲ. ಹಾಳೆ ಮಗುಚುವ ಸದ್ದು ಮಾತ್ರ, ಒಂದಾದ ಮೇಲೆ ಒಂದು, ಬೀದಿಯವರೆಗೂ ಬರುತ್ತಿತ್ತು.