ಇಪ್ಪತ್ತಾರು ಅಜ್ಜಿಯರು

ಹಾಲೆಂಡಿನ ನ್ಯೂವೆಗೈನ್ ಊರಿನ ಕನ್ನಡಿಗರಲ್ಲಿ ಡಚ್ ಪರೀಕ್ಷೆ ಪಾಸು ಮಾಡಿದವನು ನಾನೊಬ್ಬನೇ ಎಂಬ ಕಾರಣಕ್ಕೆ ಎಲ್ಲರ ಅರ್ಜಿಗಳೂ ನನ್ನ ಊಟದ ಮೇಜಿಗೆ ಬರುತ್ತವೆ. ಪಾರ್ಕಿಂಗ್ ದಂಡದ ಮೇಲೆ ತಕರಾರು, ಪಕ್ಕದ ಮನೆಯ ನಾಯಿಯ ಮೇಲೆ ದೂರು, ಪರ್ಮಿಟ್ಟಿನ ನವೀಕರಣ, ಎಲ್ಲಕ್ಕೂ ಕೇಶವಣ್ಣ. ಶುಲ್ಕವಿಲ್ಲ, ಒಂದು ಡಬ್ಬಿ ತಿಂಡಿ ಬರುತ್ತದೆ. ಅರ್ಜಿ ಎಷ್ಟು ಕಷ್ಟದ್ದೆಂದು ಡಬ್ಬಿಯ ಮುಚ್ಚಳ ತೆಗೆದೇ ಹೇಳಬಲ್ಲೆ. ಡಿಸೆಂಬರಿನ ಮೊದಲ ಭಾನುವಾರ ಶಿವಪ್ರಸಾದ್ ತಂದ ಡಬ್ಬಿಯಲ್ಲಿ ಶೇಂಗಾ ಹೋಳಿಗೆಗಳಿದ್ದವು, ತುಪ್ಪ ಸವರಿದವು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಶಿವಪ್ರಸಾದ್ ಹುಬ್ಬಳ್ಳಿಯವನು, ಇಲ್ಲಿ ಸೇತುವೆಗಳ ಎಂಜಿನಿಯರು. ಹೆಂಡತಿ ಸೌಜನ್ಯಾ ಗದಗಿನವಳು, ವಾಗೆನಿಂಗನ್ ವಿಶ್ವವಿದ್ಯಾಲಯದಲ್ಲಿ ಬೀಜಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಎಂಟು ವರ್ಷದ ಮಗಳು ಸಮೀಕ್ಷಾ. ಅಕ್ಟೋಬರಿನಿಂದ ಅವರ ಮನೆಯಲ್ಲಿ ಒಂದೇ ಮಾತು: ಕುರಸಾವೊ. ಕೆರಿಬಿಯನ್ ಸಮುದ್ರದ ದ್ವೀಪ, ಆದರೆ ಇದೇ ಡಚ್ ರಾಜ್ಯಕ್ಕೆ ಸೇರಿದ್ದು. "ಹಾಲೆಂಡ್ ಬಿಟ್ಟ ಹೋದಂಗೂ ಆಗಂಗಿಲ್ಲ, ಹಾಲೆಂಡಿನ ಚಳಿನೂ ಇರಂಗಿಲ್ಲ" ಎಂದು ಶಿವಪ್ರಸಾದ್ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ. ರೆಸಾರ್ಟಿನ ವೆಬ್‌ಸೈಟಿನಲ್ಲಿ 'ಇನ್ನು ಎರಡೇ ಕೋಣೆ ಉಳಿದಿವೆ' ಎಂದು ಕೆಂಪಕ್ಷರ ಮಿಣುಕುತ್ತಿದ್ದಾಗ ಬೆವರಿ ಬುಕ್ ಮಾಡಿದ್ದ. ಮರುವಾರ ನಾನು ಕುತೂಹಲಕ್ಕೆ ನೋಡಿದೆ, ಆಗಲೂ ಎರಡೇ ಉಳಿದಿದ್ದವು. ಅಲ್ಲಿ ಹೋದವರ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುತ್ತಾರಂತೆ, ಆಮೇಲೆ ತಿಂದದ್ದಕ್ಕೂ ಕುಡಿದದ್ದಕ್ಕೂ ಯಾರೂ ಏನೂ ಕೇಳುವುದಿಲ್ಲ. ಆಸ್ಪತ್ರೆಯಲ್ಲೂ ಹಾಗೇ ಕಟ್ಟುತ್ತಾರೆ ಎಂದು ನನ್ನ ಹೆಂಡತಿ ನಾಗಮಣಿ ಹೇಳಿದ್ದಳು. ಅವಳಿಗೆ ಒಳ್ಳೆಯ ಮಾತು ಹೊಳೆಯುವುದು ಯಾವಾಗಲೂ ಕೆಟ್ಟ ಸಮಯದಲ್ಲಿ.

ತೊಡಕು ಇದ್ದದ್ದು ವಿಮಾನದಲ್ಲಿ. ಶಾಲೆಯ ಕ್ರಿಸ್ಮಸ್ ರಜೆ ಶುರುವಾಗುವುದು ಶನಿವಾರ. ಶಿವಪ್ರಸಾದ್ ಅರ್ಧ ದರಕ್ಕೆ ಸಿಕ್ಕಿತೆಂದು ಹಿಂದಿನ ಬುಧವಾರದ ಟಿಕೆಟ್ ತೆಗೆದಿದ್ದ. ಇಲ್ಲಿ ಮಕ್ಕಳಿಗೆ ಶಾಲೆ ತಪ್ಪಿಸುವುದು ಕಾನೂನಿನ ವಿಷಯ.

"ಮಗುಗೆ ಜ್ವರ ಅಂತ ಒಂದು ಫೋನ್ ಮಾಡಿಬಿಡಿ" ಎಂದೆ.

"ಬ್ಯಾಡ್ರಿ ಅಣ್ಣಾ. ರಜೆಯ ಹಿಂದ ಮುಂದ ಏರ್‌ಪೋರ್ಟಿನ್ಯಾಗ ಆಫೀಸರ್ ನಿಂತಿರ್ತಾರಂತ. 'ಇವತ್ತ ಸಾಲಿ ಇಲ್ಲೇನು ಪುಟ್ಟಾ' ಅಂತ ಹುಡುಗರನ್ನ ಕೇಳ್ತಾರಂತ. ನಮ್ಮ ಸಮೀಕ್ಷಾ ಕೇಳದಿದ್ರೂ ಹರಿಕಥಿ ಹೇಳಾಕಿ. ಕಾಗದಾನ ಬೇಕು. ಸಹಿ, ಶಿಕ್ಕಾ ಇರೋದು."

ಅರ್ಜಿ ನಮೂನೆ ತೆಗೆದೆ. ರಜೆಗೆ ಮಾನ್ಯವಾದ ಕಾರಣಗಳು: ಹತ್ತಿರದ ಸಂಬಂಧಿಕರ ಮದುವೆ, ಸಾವು, ಗಂಭೀರ ಕಾಯಿಲೆ. ಬೀಚಿಗೆ ಖಾನೆ ಇರಲಿಲ್ಲ.

"ಮದುವೆ ಅಂದ್ರೆ ಲಗ್ನಪತ್ರಿಕೆ ಕೇಳ್ತಾರೆ" ಎಂದೆ. "ಸಾವು?"

"ನಮ್ಮಪ್ಪನ್ನ ಎರಡ ವರ್ಷದ ಹಿಂದ ಬಳಸೀವಲ್ರಿ" ಎಂದ ಶಿವಪ್ರಸಾದ್, ಸ್ವಲ್ಪ ಸಂಕೋಚದಿಂದ. ನಿಜ. ಅವನ ತಂದೆ ತೀರಿಕೊಂಡು ಹನ್ನೆರಡು ವರ್ಷವಾದ ಮೇಲೆ, ಕಡಿಮೆ ದರದ ಟಿಕೆಟ್ಟಿಗಾಗಿ ಇನ್ನೊಮ್ಮೆ ತೀರಿಕೊಂಡಿದ್ದರು. ಆ ಅರ್ಜಿಯನ್ನು ಬರೆದವನೂ ನಾನೇ.

ಉಳಿದದ್ದು ಗಂಭೀರ ಕಾಯಿಲೆ. ಯಾರಿಗೆ? ಇಬ್ಬರು ಅಜ್ಜಿಯರು. ಶಿವಪ್ರಸಾದನ ತಾಯಿ ಗುರುಬಸವ್ವ ಮೂರು ತಿಂಗಳ ವೀಸಾದ ಮೇಲೆ ಬಂದು ಇಲ್ಲೇ ಇದ್ದರು. ಕುರಸಾವೊಕ್ಕೂ ಹೊರಟಿದ್ದರು. ಸೌಜನ್ಯಾಳ ತಾಯಿ ನೀಲಗಂಗಾ ಟೀಚರು ಗದಗಿನಲ್ಲಿ ಮಗನ ಮನೆಯಲ್ಲಿದ್ದರು. ನಿವೃತ್ತ ಶಿಕ್ಷಕಿ, ಬೆಳಿಗ್ಗೆ ಐದು ಕಿಲೋಮೀಟರು ನಡೆಯುವವರು.

"ನಿಮ್ಮವ್ವನ್ನ ಬರೀರಿ" ಎಂದಳು ಗಂಡನ ಜೊತೆ ಬಂದಿದ್ದ ಸೌಜನ್ಯಾ.

"ಅವ್ವ ದಿನಾ ಸಮೀಕ್ಷಾನ್ನ ಸಾಲಿಗೆ ಬಿಡಾಕ ಹೋಗ್ತಾಳ. ಯುಫ್‌ಗೆ ಕೈ ಬೀಸ್ತಾಳ. ಹೆಂಗ ಬರೀಲಿ, ಹಾಸಿಗಿ ಹಿಡದಾಳ ಅಂತ?" ಯುಫ್ ಎಂದರೆ ಇಲ್ಲಿ ಟೀಚರಮ್ಮ.

"ಹಂಗಂತ ನಮ್ಮವ್ವನ್ನ..."

"ಬರೀ ಕಾಗದದ ಮ್ಯಾಲ. ಅವರಿಗೇನ ಗೊತ್ತಾಗ್ತೇತಿ?"

ಸೌಜನ್ಯಾ ಹೋಳಿಗೆಯ ಡಬ್ಬಿಯ ಮುಚ್ಚಳವನ್ನು ಹಾಕಿ ತೆಗೆದು ಮಾಡುತ್ತಿದ್ದಳು. "ಅಪ್ಪನ ಮುಂದ ಏಳ ತಿಂಗಳ ಸುಳ್ಳ ಹೇಳೀನಿ" ಎಂದಳು. "ಅಷ್ಟ ಸಾಕಾಗೇತ್ರಿ ನಂಗ."

ಆ ಕಥೆ ನಮಗೆ ಗೊತ್ತಿತ್ತು. ಅವಳ ತಂದೆಗೆ ಕ್ಯಾನ್ಸರು. ಹೇಳಬಾರದು, ಹೇಳಿದರೆ ಧೈರ್ಯಗೆಡುತ್ತಾರೆ ಎಂದು ತೀರ್ಮಾನಿಸಿದವರು ನೀಲಗಂಗಾ ಟೀಚರೇ. ನಮ್ಮಲ್ಲಿ ರೋಗ ಒಬ್ಬರಿಗೆ ಬರುತ್ತದೆ, ರಿಪೋರ್ಟು ಉಳಿದವರಿಗೆ. ಎಲ್ಲರೂ ಅಲ್ಸರ್ ಎಂದರು. ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ ಮಗಳು ದಿನಾ ಮಾಡತೊಡಗಿದಳು. ಅವರು ಒಂದು ದಿನ ಸಮುದ್ರ ನೋಡಬೇಕು ಎಂದರು. ಗೋಕರ್ಣಕ್ಕೆ ಕರೆದೊಯ್ದು, ಎಲ್ಲರೂ ಪಕ್ಕದಲ್ಲಿ ನಿಂತು ನಕ್ಕು ಫೋಟೋ ತೆಗೆಸಿಕೊಂಡರು. ಹತ್ತೊಂಬತ್ತನೆಯ ದಿನಕ್ಕೆ ಅವರಿರಲಿಲ್ಲ.

ಟಿಕೆಟ್ ಮರಳಿಸುವಂತಿರಲಿಲ್ಲ. ಸೌಜನ್ಯಾ ಕೊನೆಗೆ ಹೂಂ ಅನ್ನಲಿಲ್ಲ, ಉಹೂಂ ಅನ್ನುವುದನ್ನು ನಿಲ್ಲಿಸಿದಳು. ಗಂಡಸರು ಅದನ್ನು ಒಪ್ಪಿಗೆ ಎಂದು ಓದಿಕೊಳ್ಳುತ್ತೇವೆ. ನಾನು ಪೆನ್ನೆತ್ತಿದೆ.

"ಈ ಮುಸ್ಸಂಜೇಲಿ ಅಂಥದ್ದೆಲ್ಲ ಬರೀಬೇಡೀಂದ್ರೆ" ಎಂದಳು ನಾಗಮಣಿ ಅಡುಗೆಮನೆಯಿಂದ. "ಅಸ್ತು ದೇವತೆಗಳು ಓಡಾಡ್ತಿರ್ತಾರೆ. ಅಸ್ತು ಅಂದ್ಬಿಟ್ರೆ?"

"ಡಿಸೆಂಬರಲ್ಲಿ ಇಲ್ಲಿ ದಿನವಿಡೀ ಮುಸ್ಸಂಜೇನೇ ಕಣೇ. ಅವರಿಗೂ ಶಿಫ್ಟ್ ಇರಬೇಕು. ಅಲ್ಲದೆ ಅವರಿಗೆ ಡಚ್ ಬರಲ್ಲ."

ಶಿವಪ್ರಸಾದ್ ನಕ್ಕ. ನಾನು ಬರೆದೆ: ಮಗುವಿನ ತಾಯಿಯ ತಾಯಿ ಭಾರತದಲ್ಲಿ ಗಂಭೀರವಾಗಿ ಅಸ್ವಸ್ಥರಾಗಿದ್ದಾರೆ. ವಿಷಯ ಅಷ್ಟೇ. ಆದರೆ ಖಾನೆಯಲ್ಲಿ ಇನ್ನೂ ಎರಡು ಸಾಲು ಖಾಲಿಯಿತ್ತು, ನನಗೆ ಖಾಲಿ ಜಾಗ ಕಂಡರಾಗದು. ಪರೀಕ್ಷೆಗೆ ಕಲಿತ ಒಂದು ಸೊಗಸಾದ ಡಚ್ ವಾಕ್ಯರಚನೆ ಆರು ವರ್ಷಗಳಿಂದ ಉಪಯೋಗವಿಲ್ಲದೆ ಬಿದ್ದಿತ್ತು. ಅದನ್ನು ಹಾಕಿದೆ: 'ಬಹುಶಃ ಇದೇ ಕೊನೆಯ ಭೇಟಿಯಾಗಬಹುದೆಂದು ಕುಟುಂಬವು ಭಾವಿಸಿದೆ.' ಓದಿ ಅರ್ಥ ಹೇಳಿದಾಗ ಶಿವಪ್ರಸಾದ್ "ಭಾರೀ ಆತ್ರಿ" ಎಂದ. ಸೌಜನ್ಯಾ ಎದ್ದು ಕೋಟು ಹಾಕಿಕೊಂಡಳು.

ಮುಖ್ಯೋಪಾಧ್ಯಾಯರ ಉತ್ತರ ಮರುದಿನವೇ ಬಂತು. ದಾಖಲೆ ಕೇಳಲಿಲ್ಲ. ರಜೆ ಮಂಜೂರು ಮಾಡಿ, ಸಹಿ ಹಾಕಿ, ಮೊಹರು ಒತ್ತಿ, ಕೆಳಗೆ ಕೈಬರಹದಲ್ಲಿ 'ಧೈರ್ಯವಾಗಿರಿ' ಎಂದು ಬರೆದಿದ್ದರು. ಸುಳ್ಳು ಹೇಳುವವನಿಗೆ ಅನುಮಾನಪಡುವವರಿಗಿಂತ ನಂಬುವವರಿಂದಲೇ ಹೆಚ್ಚು ಭಯ.

ಆ ವಾರದಿಂದ ಸೌಜನ್ಯಾ ಗದಗಿಗೆ ದಿನಾ ಫೋನು ಮಾಡತೊಡಗಿದಳು. ಕೆಲವು ದಿನ ಎರಡು ಸಲ. ರೈಲಿನಲ್ಲಿ ಒಂದು ಸಂಜೆ ಅವಳ ಎದುರಿಗೇ ಕೂತಿದ್ದೆ, ಆ ಕಡೆಯ ದನಿ ನನಗೂ ಕೇಳುತ್ತಿತ್ತು.

"ಊಟ ಆತೇನಬೇ? ಏನ ಉಂಡಿ? ಬಿ.ಪಿ. ತೋರಿಸಿದ್ಯಾ?"

"ನಿನ್ನೆ ಕೇಳಿದ್ಯಲ್ಲ. ಯಾಕವಾ, ಏನಾಗೇತಿ ನಿನಗ?"

"ಏನಿಲ್ಲಬೇ. ಸುಮ್ನ."

ಸುಮ್ಮನೆ ಬರುವ ಫೋನುಗಳ ಅನುಭವ ಆ ಮನೆಯಲ್ಲಿ ಆಗಲೇ ಒಬ್ಬರಿಗೆ ಆಗಿತ್ತು.

ಶಾಲೆಯಲ್ಲಿ ಯುಫ್ ಮರೈಕೆ ತರಗತಿಗೆ ವಿಷಯ ತಿಳಿಸಿದರು. ಇಲ್ಲಿ ಮಕ್ಕಳಿಂದ ಏನನ್ನೂ ಮುಚ್ಚಿಡುವುದಿಲ್ಲ. ಮೇಜಿನ ಮೇಲೆ ಒಂದು ದೀಪ ಹಚ್ಚಿ, ಸಮೀಕ್ಷಾಳ ಅಜ್ಜಿಗೆ ಎಲ್ಲರೂ ಒಂದೊಂದು ಕಾರ್ಡು ಮಾಡೋಣ ಎಂದರು. ನೋಡಲು ಹೇಗಿದ್ದಾರೆ ಎಂದು ಮಕ್ಕಳು ಕೇಳಿದವು. ಕಾಯಿಲೆ ಬರೀ ಕಾಗದದ ಮೇಲಿನದು, ಯಾರಿಗೂ ಹೇಳಬೇಡ ಎಂದು ಮನೆಯಲ್ಲಿ ಮೊದಲೇ ಹೇಳಿಸಿಕೊಂಡಿದ್ದ ಸಮೀಕ್ಷಾ, ಸೀರೆ, ದುಂಡು ಕನ್ನಡಕ, ಹಣೆಯ ಮೇಲೆ ಮೂರು ಬಿಳಿ ಗೆರೆ ಎಂದು ನಿಖರವಾಗಿ ವಿವರಿಸಿದಳು. ಶುಕ್ರವಾರ ದೊಡ್ಡ ಲಕೋಟೆಯೊಂದು ಮನೆಗೆ ಬಂತು.

ಗುರುಬಸವ್ವ ಆಗ ಅಡುಗೆಮನೆಯಲ್ಲಿ ಕುರಸಾವೊಕ್ಕೆಂದು ಖಡಕ್ ರೊಟ್ಟಿ ಬಡಿಯುತ್ತಿದ್ದರು. ನಲವತ್ತು ಆಗಿದ್ದವು, ಇನ್ನೂ ನಲವತ್ತರ ಗುರಿ. "ಅಲ್ಲಿ ಬರೇ ಮೀನ ತಿಂತಾರಂತ" ಎಂದು ಆಮೇಲೆ ನನ್ನೆದುರು ಸಮರ್ಥಿಸಿಕೊಂಡರು. ಲಕೋಟೆಯ ಬಗ್ಗೆ ಕೇಳಿದಾಗ ಸಮೀಕ್ಷಾ "ಫಾರ್ ಗದಗ್ ಅಜ್ಜಿ" ಎಂದು ಹೇಳಿ ಆಡಲು ಓಡಿದ್ದಳು. ಅರ್ಜಿಯ ವಿಷಯ ಗುರುಬಸವ್ವನವರಿಗೆ ಯಾರೂ ಹೇಳಿರಲಿಲ್ಲ. ಅವರು ಕೈಯ ಹಿಟ್ಟೊರೆಸಿಕೊಂಡು ಕಾರ್ಡುಗಳನ್ನು ಸೋಫಾದ ಮೇಲೆ ಹರಡಿದರು, ಒಂದೊಂದರದೂ ಫೋಟೋ ತೆಗೆದರು, ಬೀಗತಿಗೆ ವಾಟ್ಸಾಪಿನಲ್ಲಿ ಕಳಿಸಿದರು. 'ನಿಮ್ಮ ಸಲುವಾಗಿ ಸಾಲಿ ಹುಡುಗ್ರು ಚಿತ್ರ ತಗದಾವ ನೋಡ್ರಿ' ಎಂದು ದನಿಸಂದೇಶವನ್ನೂ ಹಾಕಿದರು. ಚಿತ್ರಗಳು ಚೆನ್ನಾಗಿಯೇ ಇದ್ದವು. ಇಪ್ಪತ್ತಾರು ಅಜ್ಜಿಯರು, ಇಪ್ಪತ್ತೈದು ಮಂಚಗಳು. ಎಲ್ಲರ ಹಣೆಯಲ್ಲೂ ವಿಭೂತಿ, ಕೆಲವರ ಬಾಯಲ್ಲಿ ಥರ್ಮಾಮೀಟರು. ಒಬ್ಬ ಹುಡುಗ, ತನ್ನ ಸ್ವಂತ ಅಜ್ಜಿಯನ್ನು ಬೇಸಿಗೆಯಲ್ಲಿ ಕಳಕೊಂಡವನು, ಮಂಚ ಬಿಟ್ಟು ಶವಪೆಟ್ಟಿಗೆಯನ್ನೇ ಬರೆದಿದ್ದ. ಅದರ ಮೇಲೆ ಟ್ಯೂಲಿಪ್ ಹೂವು.

ಗದಗಿನಿಂದ ಆ ದಿನ ಉತ್ತರ ಬರಲಿಲ್ಲ. ಶನಿವಾರ ನೀಲಗಂಗಾ ಟೀಚರೇ ಮಗಳಿಗೆ ಫೋನು ಮಾಡಿದರು. ಹೋದ ತಿಂಗಳು ಮಾಡಿಸಿದ ರಕ್ತಪರೀಕ್ಷೆಯ ರಿಪೋರ್ಟು ನಿನ್ನ ತಮ್ಮನ ಹತ್ತಿರ ಇದೆಯಲ್ಲ, ಅದರಲ್ಲಿ ನಿಜವಾಗಿ ಏನಿದೆ ಎಂದು ಕೇಳಿದರು.

"ಎಲ್ಲಾ ನಾರ್ಮಲ್ ಐತಿಬೇ."

"ಹೌದು. ನಿಮ್ಮಪ್ಪಂದೂ ನಾರ್ಮಲ್ ಇತ್ತು. ಆ ರಿಪೋರ್ಟ ಟೈಪ್ ಮಾಡಿಸಿದಾಕಿ ನಾನ."

ಸೌಜನ್ಯಾ ಎಲ್ಲವನ್ನೂ ಹೇಳಿದಳು. ಬೀಚು, ಬುಧವಾರದ ವಿಮಾನ, ಶಾಲೆಯ ಅರ್ಜಿ. ಟೀಚರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು. "ಕಥಿ ಚಲೋ ಕಟ್ಟೀರಿ" ಎಂದರು. "ಅಲ್ಸರ್‌ಕಿಂತ ಚಲೋ ಐತಿ."

ಸೋಮವಾರದ ಹೊತ್ತಿಗೆ ಅವರು ಬೆಳಗಿನ ನಡಿಗೆ ಬಿಟ್ಟಿದ್ದರು. ಮಂಗಳವಾರ ಸೌಜನ್ಯಾಳ ತಮ್ಮ ಫೋನು ಮಾಡಿದ: ಅವ್ವ ಎರಡು ದಿನದಿಂದ ಬರೀ ಮಜ್ಜಿಗೆ ಕುಡಿಯುತ್ತಿದ್ದಾಳೆ, ಕಪಾಟು ತೆಗೆದು ಯಾವ ಸೀರೆ ಯಾರಿಗೆ ಎಂದು ಚೀಟಿ ಹಚ್ಚುತ್ತಿದ್ದಾಳೆ. ಡಾಕ್ಟರು ಬಂದು ಏನೂ ಇಲ್ಲ ಎಂದರು. ಡಾಕ್ಟರು ಅಂದೂ ಹಾಗೇ ಎಂದಿದ್ದರು.

ಸೌಜನ್ಯಾ ಗದಗಿಗೆ ಹೊರಟಳು. ಬುಧವಾರ ಒಂದೇ ವಿಮಾನನಿಲ್ದಾಣದಿಂದ ಎರಡು ದಿಕ್ಕಿಗೆ ಎರಡು ವಿಮಾನ.

"ನಾವು ನಕ್ಕೋತ ಇರೋ ಫೋಟೋ ಕಳಸ್ತೀವಿ" ಎಂದ ಶಿವಪ್ರಸಾದ್ ನನ್ನೊಡನೆ. "ಸಮುದ್ರದ ದಂಡಿಮ್ಯಾಗ ಕುಣಿಯೋದ ನೋಡಿದ್ರ ಅತ್ತಿಯವರಿಗೆ ನಂಬಿಕಿ ಬರ್ತೇತಿ. ಏನಂತೀರಿ?"

ನನಗೆ ಸಮುದ್ರದ ಮುಂದೆ ನಕ್ಕ ಇನ್ನೊಂದು ಫೋಟೋ ನೆನಪಾಗಿತ್ತು. ಗುರುಬಸವ್ವ ಮಾತ್ರ ಹೊರಡುವ ಮುಂಚೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು. ಅವರಿಗೆ ಈಗ ಎಲ್ಲ ಗೊತ್ತಾಗಿತ್ತು. "ತಮ್ಮಾ, ಬರಿಯೂದ ಬರೀತಿ, ನನ್ನ ಹೆಸರ ಬರೀಬೇಕಿತ್ತಪಾ" ಎಂದರು. "ನಾ ನಂಬತಿದ್ದಿಲ್ಲ."

ಶುಕ್ರವಾರ ಮಧ್ಯಾಹ್ನ ಗದಗಿನಿಂದ ಸೌಜನ್ಯಾಳ ಫೋನು. ಬಾಗಿಲು ತೆರೆದ ತಾಯಿ ಅವಳನ್ನು ತಲೆಯಿಂದ ಪಾದದವರೆಗೆ ನೋಡಿ, "ನೀ ಓಡಿ ಬಂದಿ ಅಂದಮ್ಯಾಲ ಖರೇನ ಐತಿ ಹಂಗಾರ" ಎಂದಷ್ಟೇ ಹೇಳಿ ಒಳಗೆ ಹೋಗಿ ಮಲಗಿದರಂತೆ.

"ಸರ್, ಆ ಅರ್ಜಿ ಕಾಪಿ ಐತೇನ್ರಿ ನಿಮ್ಮ ಹತ್ರ? ಕಳಸ್ರಿ. ರಜೆ ಸಲುವಾಗಿ ಬರದದ್ದು ಅಂತ ಅವ್ವಗ ತೋರಸ್ತೀನಿ. ಮೂವತ್ತ ವರ್ಷ ಸಾಲ್ಯಾಗ ಇದ್ದಾಕಿ, ಕಾಗದ ಆದ್ರ ನಂಬತಾಳ."

ಕಳಿಸಿದೆ, ಮಂಜೂರಾತಿಯ ಸಮೇತ. ಆ ಕ್ಷಣ ಅದು ಬುದ್ಧಿವಂತಿಕೆಯಾಗಿಯೇ ಕಂಡಿತು. ಇಂಥ ಅರ್ಜಿಗಳನ್ನು ಬರೆಯುವವನಿಗೆ ಬೇರೆ ಹೇಗೆ ತೋರೀತು?

ಒಂದು ಗಂಟೆಯ ಮೇಲೆ ಮತ್ತೆ ಫೋನು. ಇಲ್ಲಿ ನಾಲ್ಕೂವರೆ, ಕಿಟಕಿಯಾಚೆ ಕಾಲುವೆಯ ನೀರು ಕಪ್ಪಾಗುತ್ತಿತ್ತು. ನಾಗಮಣಿ ದೀಪ ಹಚ್ಚಿರಲಿಲ್ಲ.

"ಅವ್ವ ಫೋನಿನ್ಯಾಗ ತರ್ಜುಮೆ ಮಾಡಿ ಓದಿದ್ಳ್ರಿ. ಎರಡ ಸರ್ತಿ. ಶಿಕ್ಕಾ ಐತಿ, ಹೆಡ್‌ಮಾಸ್ತರ ಸಹಿ ಐತಿ, ಇಷ್ಟ ದೊಡ್ಡ ಸಾಲಿ ಸುಳ್ಳ ಕಾಗದ ಕೊಡಂಗಿಲ್ಲ ಅಂದ್ಳು." ಉಸಿರೆಳೆದುಕೊಂಡಳು. "ಕೊನೆ ಭೇಟಿ ಅಂತ ಯಾಕ ಬರದ್ರಿ ಸರ್? ಮೊದಲಿನ ಸಾಲ ಸಾಕಿತ್ತಲ್ರಿ."

ಖಾನೆಯಲ್ಲಿ ಜಾಗವಿತ್ತು ಎಂಬುದೇ ನಿಜವಾದ ಕಾರಣ. ನನ್ನ ಫೋನಿನಲ್ಲಿ ಆಗಷ್ಟೇ ಶಿವಪ್ರಸಾದನ ಚಿತ್ರವೊಂದು ಬಂದು ಬಿದ್ದಿತ್ತು: ಬಿಳಿ ಮರಳು, ಮಣಿಕಟ್ಟಿನ ಹಳದಿ ಪಟ್ಟಿ, ಹಿಂದೆ ನಂಬಲಾಗದಷ್ಟು ನೀಲಿಯ ನೀರು.

"ಈಗ ಹೇಗಿದ್ದಾರೆ?" ಎಂದೆ.

"ಎದ್ದ ಕುಂತಾಳ. ಬ್ಯಾಗ್ ತುಂಬ್ಸು ಅನ್ನಾಕತ್ತಾಳ." ಎಂದಳು ಸೌಜನ್ಯಾ. "ಅವ್ವಗ ಸಮುದ್ರ ನೋಡಬೇಕಂತ್ರಿ."