ಅಜ್ಜಿ ಹೇಳಿದ ‘ತಾಯಿ’

ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಅಪ್ಪ ಎದೆ ಹಿಡಿದುಕೊಂಡು ಕುಸಿದು ಪ್ರಾಣ ಬಿಟ್ಟಾಗ ಅವನಿಗೆ ಐವತ್ತೆರಡು. ಹೋದ ತಿಂಗಳು ನನಗೂ ಐವತ್ತೆರಡು ತುಂಬಿತು. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ದೆಹಲಿಯ ಲಕ್ಷ್ಮೀ ನಗರದ ಕೋಚಿಂಗ್ ಹುಡುಗರು ಮಸಾಲೆ ದೋಸೆಗೆ ಬೊಬ್ಬೆ ಹೊಡೆಯುತ್ತಿದ್ದರೆ ನಾನು ಅದೇ ಗಲ್ಲಾಪೆಟ್ಟಿಗೆಯ ಮುಂದೆ ನನ್ನ ನಾಡಿ ನಾನೇ ಹಿಡಿದು ಕೂತಿರುತ್ತೇನೆ. ನನಗಿರುವ ಒಂದೇ ಧೈರ್ಯ ಅಜ್ಜಿ ಗಿರಿಜಮ್ಮ, ಅಪ್ಪನ ಅಮ್ಮ. ನೂರಾಮೂರು ವರ್ಷ. ಗೋಳಿಬಜೆ ಮಾಡಿದ ದಿನ ಈಗಲೂ ಎರಡು ತಿಂದು ಮೂರನೆಯದಕ್ಕೆ ಕೈ ಚಾಚುತ್ತಾಳೆ.

ನೂರು ದಾಟಿದವರ ರಕ್ತದಲ್ಲಿ ಅಂಥದ್ದೇನಿದೆ ಎಂದು ಹುಡುಕುವ ಲ್ಯಾಬೊಂದು ಗ್ರೇಟರ್ ನೋಯ್ಡಾದಲ್ಲಿದೆ. ಫೋನ್ ಮಾಡಿ ಅವರನ್ನು ಕರೆಸಿದವನು ನಾನೇ. ನಾನು ಹೋಟೆಲಿನಲ್ಲಿದ್ದಾಗ ಅವರ ಕಡೆಯವನೊಬ್ಬ ಮನೆಗೆ ಬಂದು ಅಜ್ಜಿಯ ರಕ್ತ ತೆಗೆದುಕೊಂಡು ಹೋದ. ರಕ್ತ ಕೊಡಲು ನನ್ನನ್ನು ಆಮೇಲೆ ಕರೆಯುತ್ತೇವೆ ಎಂದಿದ್ದರು.

ಇವತ್ತು ಲ್ಯಾಬಿನ ಮೇಡಂ ಫೋನ್ ಮಾಡಿದರು. ಅಜ್ಜಿಯ ಜೀನಿನಲ್ಲಿ ಅಪರೂಪದ ವ್ಯತ್ಯಾಸವೊಂದು ಸಿಕ್ಕಿದೆಯಂತೆ, ಹೃದಯ ಕಾಯುವುದು ಅದೇ ಇರಬಹುದಂತೆ. ನನಗೆ ಕುಣಿಯಬೇಕೆನಿಸಿತು.

“ಲೇಕಿನ್ ಆಪ್ ಮತ್ ಆಯಿಯೇ,” ಎಂದರು. “ವೋ ಆಪ್‌ಕೀ ತಾಯೀ ಹೈ ನಾ? ಖೂನ್ ಕಾ ರಿಶ್ತಾ ನಹೀಂ.”

ಹಿಂದಿಯಲ್ಲಿ ತಾಯೀ ಎಂದರೆ ಅಪ್ಪನ ಅಣ್ಣನ ಹೆಂಡತಿ; ರಕ್ತಸಂಬಂಧವಿಲ್ಲ, ಹಾಗಾಗಿ ನಾನು ಬರುವುದೇ ಬೇಡವಂತೆ. ಯಾರು ಹೇಳಿದ್ದು ಎಂದರೆ, “ಮಾತಾಜೀ ನೇ ಖುದ್.”

ಅಜ್ಜಿಯೇ ಹೇಳಿದಳೇ? ಹಾಗಾದರೆ ಇವಳು ನನ್ನ ಅಜ್ಜಿಯೇ ಅಲ್ಲವೇ? ಗಲ್ಲಾಪೆಟ್ಟಿಗೆಯನ್ನು ಯಾರ ಕೈಗೆ ಕೊಟ್ಟೆನೋ ನೆನಪಿಲ್ಲ. ಆಟೋದಲ್ಲಿ ದಾರಿಯುದ್ದಕ್ಕೂ ಎದೆ ಡವಗುಟ್ಟುತ್ತಿತ್ತು. ಭಯದಲ್ಲಿ ಮನುಷ್ಯನಿಗೆ ತನ್ನ ಭಾಷೆಯೂ ಮರೆತುಹೋಗುತ್ತದೆ.

ಮನೆಯಲ್ಲಿ ಮಗಳು ನಿರೀಕ್ಷಾ ಕೇಳಿದವಳೇ ಬಿದ್ದು ಬಿದ್ದು ನಕ್ಕಳು. “ಅರೇ ಪಪ್ಪಾ! ರಕ್ತ ತಗೊಳ್ಳೋಕೆ ಬಂದ ಭಯ್ಯಾ ನಿಮ್ಮ ಹೆಸ್ರು ಹೇಳಿ, ‘ಲತೇಶ್ ಜೀ ಕೀ ಕೌನ್’, ಅವ್ರಿಗೆ ಏನಾಗ್ಬೇಕು ಅಂತ ಕೇಳಿದ್ರು. ಅಜ್ಜಿ ಆ ಫೋಟೋ ತೋರ್ಸಿ ‘ನಾನು ಇವನ ತಾಯಿ’ ಅಂದ್ರು. ಭಯ್ಯಾ ತಾಯೀ ಸಮಝ್ ಗಯೇ, ದೊಡ್ಡಮ್ಮ ಅಂದ್ಕೊಂಡ್ರು!”

ಗೋಡೆಯ ಮೇಲೆ ಅಪ್ಪನ ಫೋಟೋ. ಅದಕ್ಕೆ ಹಾರ ಹಾಕಲು ಅಜ್ಜಿ ಇವತ್ತಿಗೂ ಯಾರನ್ನೂ ಬಿಟ್ಟಿಲ್ಲ. ಅಚ್ಚು ನನ್ನದೇ ಮುಖ. ಬಂದವನು ಅದು ನಾನೇ ಅಂದುಕೊಂಡಿದ್ದಾನೆ.

ಹೋದ ಜೀವ ಬಂದಂತಾಯಿತು. ಬಿಚ್ಚಿದ ಚಪ್ಪಲಿ ಮತ್ತೆ ಮೆಟ್ಟಿದೆ. “ಚಲೋ, ಈಗ್ಲೇ ಹೋಗಿ ರಕ್ತ ಕೊಟ್ಟು ಬರ್ತೀನಿ. ನಾನು ನಿನ್ನದೇ ರಕ್ತ ಅಜ್ಜಿ, ನಂಗೇನೂ ಆಗಲ್ಲ!”

ಅಜ್ಜಿ ನಗಲಿಲ್ಲ. ಫೋಟೋದ ಕಡೆ ನೋಡಿದಳು.

“ಅವನೂ ನನ್ನದೇ ರಕ್ತ ಅಲ್ವಾ ಮಗಾ?”

ನಾನು ಹೊಸ್ತಿಲಲ್ಲೇ ನಿಂತೆ. ಅವಳು ಕೈ ಬೀಸಿದಳು.

“ಹೋಗು, ಹೋಗಿ ಬಾ. ಒಂದು ಮಾತು ಮಾತ್ರ ಕೇಳ್ಕೊಂಡು ಬಾ. ನಿನ್ನಲ್ಲಿ ಅದು ಇಲ್ಲ ಅಂತಾದ್ರೆ, ನನ್ನೊಳಗಿರೋದನ್ನ ತೆಗೆದುಹಾಕೋಕೆ ಆಗುತ್ತಾ ಅಂತ. ಆ ಗೋಡೆ ಮೇಲೆ ಇನ್ನೊಂದು ಫೋಟೋ ನೋಡೋಕೆ ನನ್ನ ಕೈಲಿ ಆಗಲ್ಲ.”